ಹೊಸಬರ ಮಾತು ಮೊದಲು

ಏಪ್ರಿಲ್ ಹದಿಮೂರರ ಬೆಳಿಗ್ಗೆ ಎಂಟೂಕಾಲಿಗೆ ಗ್ಲೆನ್‌ಮೇ ಬೆಟ್ಟನಡಿಗೆ ಸಂಘದ ಐದು ಮಂದಿ ಸರೋವರದ ಪಕ್ಕದ ದನದ ಗೇಟು ದಾಟಿ ಎರಡು ಬೆಟ್ಟಗಳ ನಡುವಿನ ಟಾರ್ಬರ್ಟ್ ಕಂಡಿಯ ಕಡೆಗೆ ಹೆಜ್ಜೆ ಹಾಕಿದರು. ಕಂಡಿ ಹತ್ತಿ, ಆಚೆಗಿನ ಟಾರ್ಬರ್ಟ್ ಕಣಿವೆಯ ಉದ್ದಕ್ಕೂ ಇಳಿದು, ಪಶ್ಚಿಮ ಕರಾವಳಿಯ ಹೆದ್ದಾರಿ ಸೇರಬೇಕು. ಐವತ್ತೆಂಟು ಕಿಲೋಮೀಟರು, ನಾಲ್ಕು ಹಗಲಿನ ನಡಿಗೆ. ಹೆದ್ದಾರಿ ಇನ್ನು ಮೂರು ಕಿಲೋಮೀಟರು ಇರುವಾಗ ಹೊಳೆ ದಾಟಬೇಕು. ಅಲ್ಲಿದ್ದ ತೂಗುಸೇತುವೆ ಹಿಂದಿನ ವರ್ಷದ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು.

ಐವರಲ್ಲಿ ಊನಾ ಕ್ಯಾಡ್ಜೋ ಎಲ್ಲರಿಗಿಂತ ಹೊಸಬಳು. ವಯಸ್ಸು ಮೂವತ್ತೊಂಬತ್ತು, ಸಂಘ ಸೇರಿ ಎಂಟು ತಿಂಗಳು. ಸುಣ್ಣದಕಲ್ಲಿನ ಗಣಿಯಲ್ಲಿ ಲಾರಿ ತೂಗುವ ಕಟ್ಟೆಯ ಗುಮಾಸ್ತೆ. ಹನ್ನೆರಡು ವರ್ಷ ಅದೇ ಕೆಲಸ ಮಾಡಿ ಯಾವ ವಸ್ತುವನ್ನು ಕಂಡರೂ ಅದರ ತೂಕ ಎಷ್ಟಿರಬಹುದೆಂದು ಮನಸ್ಸಿನಲ್ಲೇ ಅಂದಾಜು ಹಾಕುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಮೊದಲ ವಿಶ್ರಾಂತಿಯಲ್ಲಿ ಬೇಕರಿಯ ಡೆಸ್ ರೂನಿ ತಾನೇ ಬೇಯಿಸಿ ತಂದ ಒಣಹಣ್ಣಿನ ಕೇಕನ್ನು ಹೊರಗೆ ತೆಗೆದ. ಊನಾ ಅದನ್ನು ಒಂದು ಕೈಯಲ್ಲಿ ಎತ್ತಿ ನೋಡಿದಳು.

"ಎರಡು ಕಿಲೋ ನಾನೂರು."

"ಎರಡು ಮುನ್ನೂರು ಕಣಮ್ಮ. ನಾನೇ ತೂಗಿದೀನಿ."

"ತಗಡಿನ ಡಬ್ಬಿ ಬಿಟ್ಟು ಹೇಳ್ತಿದೀಯ."

ಡೆಸ್ ಒಂದು ಗಳಿಗೆ ಯೋಚಿಸಿದ. "ಈ ಹೆಂಗಸನ್ನ ನಮ್ಮ ಅಂಗಡಿ ಕಡೆ ಯಾರೂ ಕರ್ಕೊಂಡು ಬರಬೇಡ್ರಪ್ಪ" ಎಂದು ಚಾಕು ಕೈಗೆ ತೆಗೆದುಕೊಂಡ.

ತಂಡದ ಮುಂದಾಳು ನೊಯೆಲೀನ್ ಟಿಪಾ. ಅರವತ್ತೊಂದರ, ಆ ನಾಡಿನ ಮೂಲನಿವಾಸಿ ಕಾಯಿ ತಾಹು ಕುಲದ ಹೆಂಗಸು, ಶಾಲೆಯೊಂದರ ಅಡುಗೆಮನೆಯ ಯಜಮಾನಿಕೆ ನೋಡಿಕೊಂಡು ನಿವೃತ್ತಳಾದವಳು. ಇಪ್ಪತ್ತೇಳು ವರ್ಷದಿಂದ ಸಂಘದಲ್ಲಿದ್ದಳು. ನಾಲ್ಕನೆಯವನು ಸೆಮಿಸಿ, ಮರದ ಮಿಲ್ಲಿನಲ್ಲಿ ದುಡಿಯುವ ಟೋಂಗಾ ದ್ವೀಪದವನು. ಅವನ ತೂಕವನ್ನು ಊನಾ ನೂರ ಹದಿನೆಂಟು ಎಂದು ಎಣಿಸಿಟ್ಟಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ.

ಐದನೆಯವರು ಎವರ್ಟ್ ಗಿಲ್‌ಕ್ರಿಸ್ಟ್. ವಯಸ್ಸು ಎಪ್ಪತ್ತಾರು. ದೂರವಾಣಿ ತಂತಿ ಎಳೆಯುವ ಕೆಲಸದಲ್ಲಿ ಮೂವತ್ತೆಂಟು ವರ್ಷ ಕಂಬ ಹತ್ತಿ ಇಳಿದವರು. ಈ ಸಲದ ನಡಿಗೆ ನಡೆದದ್ದೇ ಅವರಿಗಾಗಿ.

ಸಂಘದ ಕೋಣೆಯ ಗೋಡೆಯ ಮೇಲೆ ಹನ್ನೆರಡು ಕಣಿವೆಗಳ ಹೆಸರಿರುವ ಹಲಗೆಯೊಂದಿದೆ. ಹನ್ನೆರಡನ್ನೂ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ, ನಡುವೆ ಬೇರೆ ದಾರಿ ಹಿಡಿಯದೆ ನಡೆದವರ ಹೆಸರನ್ನು ಅದರ ಕೆಳಗೆ ಬರೆಯುತ್ತಾರೆ. ಅರವತ್ತು ವರ್ಷದಲ್ಲಿ ಬರೆದದ್ದು ನಾಲ್ಕೇ ಹೆಸರು. ಎವರ್ಟ್ ಹನ್ನೊಂದು ಮುಗಿಸಿದ್ದರು. ಉಳಿದದ್ದು ಟಾರ್ಬರ್ಟ್ ಒಂದೇ. 1979ರಲ್ಲಿ ಕಂಡಿಯಲ್ಲಿ ಎದೆಮಟ್ಟ ಹಿಮ ಬಿದ್ದು ಹಿಂದಿರುಗಿದರು. 1996ರಲ್ಲಿ ಜೊತೆಗಾರನ ಕಾಲು ಮುರಿದು, ಅವನನ್ನು ಸರದಿಯ ಮೇಲೆ ಹೊತ್ತುಕೊಂಡು ಹಿಂದಿರುಗಿದರು. 2011ರಲ್ಲಿ ಗುಡ್ಡ ಜರಿದು ದಾರಿ ಮುಚ್ಚಿತ್ತು. ಬರುವ ಜೂನ್‌ನಲ್ಲಿ ಅವರ ಸೊಂಟಕ್ಕೆ ಶಸ್ತ್ರಚಿಕಿತ್ಸೆ. ಆಮೇಲೆ ಬೆನ್ನ ಮೇಲೆ ಭಾರ ಹೊರಬಾರದೆಂದು ವೈದ್ಯರು ಖಡಾಖಂಡಿತ ಹೇಳಿದ್ದರು. ಇದನ್ನು ಎವರ್ಟ್ ಯಾರಿಗೂ ಹೇಳಿರಲಿಲ್ಲ. ಅವರ ಹೆಂಡತಿ ಫೋನ್ ಮಾಡಿ ನೊಯೆಲೀನ್‌ಗೆ ತಿಳಿಸಿದ್ದರು, ನೊಯೆಲೀನ್ ಉಳಿದ ಮೂವರಿಗೆ.

ಸಂಘದ ಪದ್ಧತಿಯಂತೆ ಸಾಲಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರದು ಎರಡನೇ ಜಾಗ. ಅವರ ವೇಗವೇ ಎಲ್ಲರ ವೇಗ. ಮುಂದಿರುವವರು ಹಿಂದಿನ ಹೆಜ್ಜೆಯ ಸದ್ದು ಕೇಳಿಸಿಕೊಂಡು ನಡೆಯಬೇಕು.

"ಎರಡನೇ ಜಾಗ ನಂಗೆ ಖಾಯಂ ಆಗಿ ಹತ್ತು ವರ್ಷ ಆಯ್ತು" ಎಂದರು ಎವರ್ಟ್. "ಪಿಂಚಣಿ ಥರ. ಕೆಲಸ ಏನಿಲ್ಲ, ಎಲ್ಲರೂ ಮರ್ಯಾದೆ ಕೊಡ್ತಾರೆ."

"ಮರ್ಯಾದೆ ಯಾರು ಕೊಟ್ರು? ನಿಮ್ಮ ಹಿಂದೆ ನಡೆದು ನಡೆದು ನಾನು ದಪ್ಪ ಆದೆ ಅಜ್ಜ" ಎಂದ ಸೆಮಿಸಿ.

ಮೊದಲ ಎರಡು ದಿನ ಊನಾ ಸಾಲಿನಲ್ಲಿ ಮೂರನೆಯವಳು. ಹಾಗಾಗಿ ಎಂಟೆಂಟು ಗಂಟೆ ಎವರ್ಟ್ ಅವರ ಕಾಲನ್ನೇ ನೋಡುತ್ತ ನಡೆದಳು. ಅವರು ಏರಿನ ನಡುವೆ ನಿಲ್ಲುತ್ತಿರಲಿಲ್ಲ. ಎತ್ತರದ ಕಲ್ಲಿಗೆ ಕಾಲು ಹಾಕದೆ ಪಕ್ಕದ ಎರಡು ಸಣ್ಣ ಕಲ್ಲು ಹುಡುಕಿಕೊಳ್ಳುತ್ತಿದ್ದರು. ಬೀಚ್ ಮರದ ಒದ್ದೆ ಬೇರಿನ ಮೇಲೆ ಒಮ್ಮೆಯೂ ಬೂಟು ಇಡಲಿಲ್ಲ. ಬಲಗಾಲನ್ನು ಮುಂದಿಡುವಾಗ ಮಾತ್ರ ಸೊಂಟ ಒಂದಿಷ್ಟು ಹೊರಗೆ ವಾಲುತ್ತಿತ್ತು. ತನಗಿಂತ ಹೆಚ್ಚುಕಡಿಮೆ ಎರಡು ಪಟ್ಟು ವಯಸ್ಸಾದವರು ತನ್ನ ಅರ್ಧದಷ್ಟು ದಣಿವಿನಲ್ಲಿ ಬೆಟ್ಟ ಏರುತ್ತಿದ್ದಾರೆ ಎಂಬ ಲೆಕ್ಕ ಅವಳಿಗೆ ಮೊದಲ ದಿನದ ಮಧ್ಯಾಹ್ನವೇ ಸಿಕ್ಕಿತು. ಸಂಜೆಯ ಹೊತ್ತಿಗೆ ಅವಳೂ ಸಣ್ಣ ಕಲ್ಲುಗಳನ್ನು ಹುಡುಕತೊಡಗಿದ್ದಳು.

ಎರಡನೇ ದಿನ ಹನ್ನೊಂದೂವರೆಗೆ ಕಂಡಿ ಮುಟ್ಟಿದರು. ದಕ್ಷಿಣಾರ್ಧಗೋಳದ ಆ ನಾಡಿನಲ್ಲಿ ಏಪ್ರಿಲ್ ಎಂದರೆ ಶರತ್ಕಾಲ. ಆ ಬಿಸಿಲಿಗೆ ಹುಲ್ಲು ಹಣ್ಣಾಗಿ ಇಡೀ ಇಳಿಜಾರು ಹೊಂಬಣ್ಣವಾಗಿತ್ತು. ಮೇಲಿನ ತುದಿಗಳಲ್ಲಿ ಹೊಸ ಹಿಮದ ತೆಳುವಾದ ಬಿಳುಪು. ಕೆಳಗೆ ಕಾಡಿನಲ್ಲಿ ಗಂಡು ಜಿಂಕೆಗಳು ಒಂದಕ್ಕೊಂದು ಸವಾಲು ಹಾಕುತ್ತ ಅಬ್ಬರಿಸುತ್ತಿದ್ದವು. ನಡುವೆ ಟಾರ್ಬರ್ಟ್ ಹೊಳೆ ತಿಳಿನೀಲಿ ದಾರದಂತೆ ಪಶ್ಚಿಮಕ್ಕೆ ಹೋಗಿತ್ತು. ಎವರ್ಟ್ ಟೋಪಿ ತೆಗೆದು ನಾಲ್ಕೈದು ನಿಮಿಷ ಅದನ್ನೇ ನೋಡಿದರು.

"ಇಲ್ಲಿಂದ ಮುಂದೆ ನಾನು ನೋಡೇ ಇಲ್ಲ" ಎಂದರು. 2011ರಲ್ಲಿ ಅವರು ಮುಟ್ಟಿದ್ದು ಇಲ್ಲಿಯವರೆಗೇ.

ಮೂರನೇ ದಿನ ಮಧ್ಯಾಹ್ನ ವಾಯವ್ಯದ ಗಾಳಿ ಎದ್ದಿತು, ಮೂರು ಗಂಟೆಗೆ ಮಳೆ ಹಿಡಿಯಿತು. ಕಣಿವೆಯ ಕೆಳಗಿನ ತಂಗುಮನೆ ಸೇರುವಷ್ಟರಲ್ಲಿ ಐವರೂ ತೊಯ್ದು ತೊಪ್ಪೆಯಾಗಿದ್ದರು. ಮಳೆ ಬೆಳಗಿನವರೆಗೂ ಬಿಡಲಿಲ್ಲ.

ನಾಲ್ಕನೇ ದಿನ ಹನ್ನೊಂದು ಗಂಟೆಗೆ ಆಕಾಶ ತಿಳಿಯಾದಾಗ ತಂಗುಮನೆಯಿಂದ ನಲವತ್ತು ನಿಮಿಷ ನಡೆದು ಹೊಳೆಯ ದಡಕ್ಕೆ ಬಂದರು. ಆಚೆ ದಡದಲ್ಲಿ ದಾರಿ ತೋರಿಸುವ ಕಿತ್ತಳೆ ಬಣ್ಣದ ತ್ರಿಕೋನ ಮರಕ್ಕೆ ಬಡಿದಿತ್ತು. ನಡುವೆ ಅರವತ್ತು ಮೀಟರು ನೀರು. ಅದು ದಾಟಿದರೆ ಹೆದ್ದಾರಿಗೆ ಒಂದು ಗಂಟೆಯ ಸಪಾಟು ದಾರಿ. ದಾಟದಿದ್ದರೆ ತಂಗುಮನೆಯ ಹಿಂದಿನ ಬೆಟ್ಟದ ಏಣು ಹತ್ತಿ, ಆರುನೂರ ನಲವತ್ತು ಮೀಟರು ಏರಿ, ಕುರಿಸಾಕಣೆಯೊಂದರ ರಸ್ತೆಗೆ ಇಳಿಯಬೇಕು. ಏಳು ಗಂಟೆಯ ದಾರಿ. ಆ ದಾರಿಯಲ್ಲಿ ಹೋದರೆ ಕಣಿವೆ ಪೂರ್ತಿ ನಡೆದಂತೆ ಲೆಕ್ಕಕ್ಕೆ ಬರುವುದಿಲ್ಲ.

ಹೊಳೆಯ ದಡದಲ್ಲಿ ಸಂಘದವರು ನಡೆಸುವ ಪದ್ಧತಿಯೊಂದಿದೆ. ಪ್ರತಿಯೊಬ್ಬರೂ ತಾವೇ ನೀರು ನೋಡಿಕೊಳ್ಳಬೇಕು. ಆಮೇಲೆ ಮುಂದಾಳು ಒಬ್ಬೊಬ್ಬರ ಹೆಸರು ಹಿಡಿದು ಕೇಳುತ್ತಾರೆ. ಹೊಸಬರ ಮಾತು ಮೊದಲು, ಹಳಬರದು ಕೊನೆಗೆ. ಒಂದು 'ಬೇಡ' ಬಂದರೆ ಕೇಳುವುದು ಅಲ್ಲಿಗೇ ನಿಲ್ಲುತ್ತದೆ. ಉಳಿದವರ ಅಭಿಪ್ರಾಯ ಏನಿತ್ತೆಂದು ಆಮೇಲೂ ಯಾರೂ ಹೇಳುವುದಿಲ್ಲ. 1968ರಲ್ಲಿ ಬೇರೊಂದು ಹೊಳೆಯಲ್ಲಿ ಆರು ಜನ ಇಳಿದು ಐದು ಜನ ಮೇಲೆ ಬಂದಿದ್ದರು. ನೀರಿಗೆ ಇಳಿಯುವ ಮುಂಚೆಯೇ ತನಗೆ ಅನುಮಾನವಿತ್ತೆಂದು ಐವರಲ್ಲಿ ಪ್ರತಿಯೊಬ್ಬರೂ ಹೇಳಿದ್ದು ವಿಚಾರಣೆಯ ಕಟಕಟೆಯಲ್ಲಿ. ಪದ್ಧತಿ ಹುಟ್ಟಿದ್ದು ಆಗ.

ಊನಾ ಮೊಳದುದ್ದದ ಕೊಂಬೆಯೊಂದನ್ನು ನೀರಿಗೆ ಎಸೆದು ದಡದಲ್ಲಿ ಅದರ ಜೊತೆ ನಡೆದಳು. ಹತ್ತು ಹೆಜ್ಜೆಗೆ ಓಡಬೇಕಾಯಿತು, ಇಪ್ಪತ್ತಕ್ಕೆ ಕೊಂಬೆ ಕಣ್ಮರೆ. ನೀರು ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ದಡಕ್ಕೆ ಕಿವಿಗೊಟ್ಟರೆ ತಳದಲ್ಲಿ ಬಂಡೆಗಳು ಉರುಳುವ ಗುಡುಗುಡು ಕೇಳುತ್ತಿತ್ತು. ಗಣಿಯಲ್ಲಿ ಲಾರಿ ಕಲ್ಲು ಸುರಿಯುವಾಗಿನ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಇದು ಇನ್ನೂರು ಕಿಲೋದ ಕಲ್ಲು.

ಅವಳು ವಾಪಸು ಬಂದಾಗ ಎವರ್ಟ್ ದಡದ ಬಂಡೆಯ ಮೇಲೆ ಕೂತು ಬೂಟಿನ ದಾರ ಬಿಗಿಮಾಡಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ. ನೀರಿಗೆ ಬಿದ್ದರೆ ಚೀಲ ಸುಲಭವಾಗಿ ಕಳಚಲೆಂದು ಸೆಮಿಸಿ ಆಗಲೇ ಅದರ ಎದೆಪಟ್ಟಿ ಬಿಚ್ಚಿದ್ದ. ಪ್ರವಾಹದ ಮೇಲುಗಡೆಗೆ ನಿಂತು ಎಲ್ಲರ ಭಾರ ತಡೆಯುವವನು ಅವನೇ.

"ಊನಾ?" ಎಂದಳು ನೊಯೆಲೀನ್.

ನಾಲ್ಕು ಜನರ ಮುಖ ನೋಡಬಾರದೆಂದು ಊನಾ ಆಚೆ ದಡದ ತ್ರಿಕೋನ ನೋಡಿದಳು. ನಲವತ್ತೈದು ವರ್ಷ ಕಾದ ಮನುಷ್ಯ, ಕೊನೆಯ ಅರವತ್ತು ಮೀಟರು, ಎಂಟು ತಿಂಗಳ ಸದಸ್ಯೆ.

"ಬೇಡ."

"ಸರಿ" ಎಂದಳು ನೊಯೆಲೀನ್. "ತಂಗುಮನೆಗೆ ವಾಪಸು. ಡೆಸ್, ನೀನು ಮುಂದೆ."

ಅಷ್ಟೇ. ಸೆಮಿಸಿ ಎದೆಪಟ್ಟಿ ಹಾಕಿಕೊಂಡ. ಎವರ್ಟ್ ಎದ್ದು, ನೀರಿನಂಚಿಗೆ ಮುಷ್ಟಿಗಾತ್ರದ ಮೂರು ಕಲ್ಲು ಸಾಲಾಗಿ ಇಟ್ಟು, ನಾಳೆಗೆ ನೀರು ಎಷ್ಟು ಇಳಿಯಿತೆಂದು ತಿಳಿಯಲು ಗುರುತು ಮಾಡಿದರು. ನಂತರ ಸಾಲಿನಲ್ಲಿ ತಮ್ಮ ಎರಡನೇ ಜಾಗಕ್ಕೆ ಬಂದು ನಿಂತರು.

ಕಾಡಿನ ದಾರಿಯಲ್ಲಿ ಊನಾಗೆ ತಡೆಯಲಾಗಲಿಲ್ಲ. ಕೊನೆಯಲ್ಲಿ ಬರುತ್ತಿದ್ದ ನೊಯೆಲೀನ್‌ಗಾಗಿ ಹಿಂದೆ ಉಳಿದಳು.

"ಯಾಕೆ ಬೇಡ ಅಂದೆ ಅಂದ್ರೆ, ಕೊಂಬೆ ಎಸೆದು ನೋಡಿದಾಗ..."

"ಕಾರಣ ನಿನ್ನ ಹತ್ರಾನೇ ಇರ್ಲಿ."

"ತಪ್ಪು ತಿಳ್ಕೋಬಾರದು ಅಂತ ಹೇಳ್ದೆ."

"ಕೇಳಿಲ್ಲಿ. ಇವತ್ತು ನೀನು ಒಳ್ಳೇ ಕಾರಣ ಕೊಡ್ತೀಯ. ನಾವೆಲ್ಲ ಹೌದು ಹೌದು ಅಂತೀವಿ. ಮುಂದಿನ ಸಲ ಯಾರಿಗೋ ಬರೀ ಹೊಟ್ಟೇಲಿ ಒಂಥರಾ ಆಗ್ತಿರುತ್ತೆ, ಕಾರಣ ಇರಲ್ಲ. ಅವನು ಬಾಯಿ ಮುಚ್ಕೊಂಡು ನೀರಿಗೆ ಇಳೀತಾನೆ." ನೊಯೆಲೀನ್ ಕೋಲಿನಿಂದ ದಾರಿ ತೋರಿಸಿದಳು. "ನಡಿ. ನೀನು ನಿಂತ್ರೆ ನಂಗೆ ಚಳಿ ಆಗುತ್ತೆ."

ಮಧ್ಯಾಹ್ನವೆಲ್ಲ ಬಿಸಿಲಿತ್ತು. ಡೆಸ್ ತೊಯ್ದ ಕಾಲುಚೀಲಗಳನ್ನು ಬೇಲಿಗೆ ತೂಗುಹಾಕಿ ಮರಳುನೊಣಗಳ ಜೊತೆ ಜಗಳವಾಡಿದ. ಎವರ್ಟ್ ಗರಗಸ ಹಿಡಿದು ಬಿದ್ದ ಮರವೊಂದನ್ನು ತುಂಡು ಮಾಡುತ್ತಿದ್ದರು. ತಂಗುಮನೆಯಲ್ಲಿ ಉರಿಸಿದ್ದಕ್ಕಿಂತ ಹೆಚ್ಚು ಸೌದೆಯನ್ನು ಮುಂದೆ ಬರುವವರಿಗೆ ಇಟ್ಟುಹೋಗುವುದು ಅವರ ರೂಢಿ. ಊನಾ ಹೋಗಿ ಗರಗಸದ ಇನ್ನೊಂದು ತುದಿ ಹಿಡಿದಳು. ಕಾಲು ಗಂಟೆ ಇಬ್ಬರೂ ಎಳೆದರು.

"ನನ್ನಿಂದಾಗಿ..." ಎಂದು ಅವಳು ಶುರುಮಾಡಿದಳು.

"ಎಳೀಬೇಕಾದ್ರೆ ಎಳಿ. ತಳ್ಳಬೇಡ. ಗರಗಸ ಬಾಗುತ್ತೆ" ಎಂದರು ಎವರ್ಟ್. ತುಂಡು ಬಿದ್ದ ಮೇಲೆ ಬೆವರು ಒರೆಸಿಕೊಂಡರು. "ಹೊಳೆ ನಿಂದಾ?"

"ಅಲ್ಲ."

"ಮಳೆ?"

"ಅಲ್ಲ."

"ಮತ್ತೆ ಯಾಕಮ್ಮ ನನ್ನ ಹತ್ರ ಕ್ಷಮೆ ಕೇಳ್ತೀಯ. ಇನ್ನೊಂದು ದಿಮ್ಮಿ ತಗೊಂಡು ಬಾ. ದಪ್ಪದ್ದು ಬೇಡ, ತೋರಿಸ್ಕೊಳ್ಳೋಕೆ ಹೋಗ್ಬೇಡ."

ನೊಯೆಲೀನ್ ಉಪಗ್ರಹದ ಪುಟ್ಟ ಯಂತ್ರದಿಂದ ಊರಿಗೆ 'ಒಂದು ದಿನ ತಡ' ಎಂದು ಸಂದೇಶ ಕಳಿಸಿದಳು. ಬಂದ ಉತ್ತರದಲ್ಲಿ ಹವಾಮಾನವಿತ್ತು. ನಾಳೆ ಮಧ್ಯಾಹ್ನದವರೆಗೆ ಒಣಹವೆ, ಸಂಜೆಯಿಂದ ಎರಡು ದಿನ ಮತ್ತೆ ಭಾರೀ ಮಳೆ. ಊಟಕ್ಕೆ ಉಳಿದಿದ್ದದ್ದು ಒಂದು ದಿನದ ಓಟ್ಸು, ನಾಲ್ಕು ಪೊಟ್ಟಣ ಒಣ ಆಲೂಗಡ್ಡೆ ಪುಡಿ, ಡೆಸ್‌ನ ಕೇಕಿನಲ್ಲಿ ಕೊನೆಯ ಕಾಲು ಭಾಗ. ನಾಳೆ ಬೆಳಿಗ್ಗೆ ಹೊಳೆ, ಇಲ್ಲವೇ ಏಣು. ಮೂರನೆಯ ದಾರಿ ಇರಲಿಲ್ಲ.

"ಐನೂರ ಎಂಬತ್ತು ಗ್ರಾಂ" ಎಂದ ಡೆಸ್, ಕೇಕನ್ನು ಊನಾಳ ಮೂಗಿಗೆ ಹಿಡಿದು. "ಈಗ ಡಬ್ಬಿ ಇಲ್ಲ. ಹೇಳು."

"ಐನೂರ ಎಪ್ಪತ್ತು. ನೀನು ಆಗಲೇ ಒಂಚೂರು ತಿಂದಿದೀಯ."

ಎವರ್ಟ್ ಕೆಮ್ಮು ಬರುವ ತನಕ ನಕ್ಕರು.

ಬೆಳಿಗ್ಗೆ ಎಂಟು ಗಂಟೆಗೆ ಮತ್ತೆ ದಡದಲ್ಲಿದ್ದರು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಮೂರು ಕಲ್ಲಿನ ಸಾಲಿನಿಂದ ನೀರು ಎರಡು ಮೀಟರು ಹಿಂದೆ ಸರಿದಿತ್ತು. ಬಣ್ಣ ತಿಳಿಯಾಗುತ್ತ ಬಂದಿತ್ತು, ಅಂಚಿನಲ್ಲಿ ತಳದ ಕಲ್ಲು ಕಾಣುತ್ತಿತ್ತು. ನಡುವಿನ ಹರಿವಿನಲ್ಲಿ ಇನ್ನೂ ಮಬ್ಬು.

"ಇದಪ್ಪ ಹೊಳೆ ಅಂದ್ರೆ" ಎಂದ ಸೆಮಿಸಿ.

ಡೆಸ್ ಎವರ್ಟ್ ಅವರ ಬೆನ್ನು ತಟ್ಟಿದ. "ಹಲಗೆ ಮೇಲೆ ಹೆಸರು ಬರೆಯೋಕೆ ಬಣ್ಣ ಯಾವುದು ಬೇಕು ಹೇಳಿಬಿಡಿ. ನಮ್ಮ ಅಂಗಡೀಲಿ ಕೇಕಿಗೆ ಹಾಕೋ ಗುಲಾಬಿ ಇದೆ."

ಎವರ್ಟ್ ನಕ್ಕು ಮುಂದೆ ಹೋದರು. ನೀರಿನಂಚಿನಲ್ಲಿ ನಿಧಾನವಾಗಿ ಬಗ್ಗಿ ಕೊಂಬೆಯೊಂದನ್ನು ಆರಿಸಿ, ಎಸೆದು, ಅದರ ಜೊತೆ ನಡೆದರು. ಬಂಡೆಗಳ ಆಚೆ ಮರೆಯಾದರು. ಉಳಿದ ನಾಲ್ವರು ಚೀಲಗಳ ಎದೆಪಟ್ಟಿ ಬಿಚ್ಚಿ, ತೋಳುಗಳನ್ನು ಒಬ್ಬರ ಚೀಲದ ಹಿಂದೆ ಇನ್ನೊಬ್ಬರು ಹೇಗೆ ತೂರಿಸಿ ಹಿಡಿಯಬೇಕೆಂದು ಒಂದು ಸಲ ಅಭ್ಯಾಸ ಮಾಡಿದರು. ಸೆಮಿಸಿ ಮೇಲುಗಡೆ, ಅವನ ಪಕ್ಕ ಊನಾ, ನಡುವೆ ಎವರ್ಟ್‌ಗೆ ಜಾಗ. ಐದು ನಿಮಿಷದ ಮೇಲೆ ಎವರ್ಟ್ ವಾಪಸು ಬಂದು ಆ ಜಾಗವನ್ನೂ ಅವರ ಮುಖಗಳನ್ನೂ ನೋಡಿದರು.

"ಊನಾ?" ಎಂದಳು ನೊಯೆಲೀನ್.

"ಸರಿ. ದಾಟೋಣ." ಹೇಳುವಾಗ ಅವಳ ಕಣ್ಣು ಎವರ್ಟ್ ಮೇಲಿತ್ತು.

"ಸೆಮಿಸಿ?"

"ದಾಟೋಣ."

"ಡೆಸ್?"

"ಹೂಂ."

"ನಾನೂ ಸರಿ ಅಂತೀನಿ" ಎಂದಳು ನೊಯೆಲೀನ್. "ಎವರ್ಟ್?"

ಅವರು ಆಚೆ ದಡದ ತ್ರಿಕೋನವನ್ನು ನೋಡಿದರು. ನಿನ್ನೆ ಊನಾ ನೋಡಿದಷ್ಟೇ ಹೊತ್ತು, ಅದಕ್ಕಿಂತ ಹೆಚ್ಚಲ್ಲ.

"ಬೇಡ" ಎಂದರು.

ಸೆಮಿಸಿ ಊನಾಳ ಚೀಲದ ಪಟ್ಟಿಯಿಂದ ಕೈ ತೆಗೆದ. ನೊಯೆಲೀನ್ ಮಾತ್ರ ನಿನ್ನೆಯದೇ ದನಿಯಲ್ಲಿ, ಒಂದಿಷ್ಟೂ ಏರಿಳಿತವಿಲ್ಲದೆ, "ಸರಿ" ಎಂದಳು. "ಏಣು ಹತ್ತೋಣ. ಮಳೆಗೆ ಮುಂಚೆ ರಸ್ತೆ ಸೇರ್ಬೇಕು. ಊನಾ, ಇವತ್ತು ನೀನು ಮುಂದೆ."

ಮುಂದೆ ಎಂದರೆ ಎವರ್ಟ್ ಅವರ ಮುಂದೆ. ಬೆನ್ನ ಹಿಂದೆ ಅವರ ಹೆಜ್ಜೆ, ಅವರ ಕೋಲಿನ ಸದ್ದು. ತಂಗುಮನೆ ದಾಟಿ ಏಣಿನ ದಾರಿ ನೇರ ಮೇಲಕ್ಕೆ ಹೋಗಿತ್ತು. ಮರದ ಬೇರುಗಳೇ ಮೆಟ್ಟಿಲು. ಊನಾ ಸಣ್ಣ ಕಲ್ಲುಗಳನ್ನು ಹುಡುಕಿ ಕಾಲಿಟ್ಟಳು. ಹಿಂದಿನವರು ಅದೇ ಕಲ್ಲುಗಳ ಮೇಲೆ ಬರುತ್ತಿದ್ದುದು ಕೇಳಿಸುತ್ತಿತ್ತು.

ಅವಳ ತಲೆಯಲ್ಲಿ ಲೆಕ್ಕ ನಡೆದೇ ಇತ್ತು. ಸೊಂಟದ ನೋವಿಗೆ ಹೆದರಿ 'ಬೇಡ' ಎಂದಿರಲಾರರು. ನೋವು ತಪ್ಪಿಸಿಕೊಳ್ಳುವವರಿಗೆ ಒಂದು ಗಂಟೆಯ ಸಪಾಟು ದಾರಿಯೇ ಸುಲಭ, ಏಳು ಗಂಟೆಯ ಈ ಏರಿಳಿತವಲ್ಲ. ನಡುವಿನ ಮಬ್ಬಿನಲ್ಲಿ ಅವರಿಗೇನಾದರೂ ಕಂಡಿತೇ? ಇರಬಹುದು. ತಾನು ಅದನ್ನು ನೋಡಿದ್ದಳೇ? ನಿನ್ನೆ ಕೊಂಬೆ ಎಸೆದಿದ್ದಳು, ತಳದ ಕಲ್ಲಿನ ತೂಕ ಅಂದಾಜು ಮಾಡಿದ್ದಳು. ಈವತ್ತು?

ಈವತ್ತು ಕೊಂಬೆ ಎಸೆದವರು ಒಬ್ಬರೇ.

ಊನಾ ನಡೆಯುತ್ತಲೇ ಇದ್ದಳು, ಆದರೆ ಕಿವಿ ಬಿಸಿಯಾಯಿತು. ತಾನು ಈವತ್ತು ನೀರನ್ನು ತೂಗಿರಲಿಲ್ಲ, ಎವರ್ಟ್ ಅವರ ಆಸೆಯನ್ನು ತೂಗಿದ್ದಳು. ಸೆಮಿಸಿ, ಡೆಸ್, ಇಪ್ಪತ್ತೇಳು ವರ್ಷದ ನೊಯೆಲೀನ್, ಎಲ್ಲರೂ ಅದನ್ನೇ ಮಾಡಿದ್ದರು. ನಾಲ್ಕು ಜನ ನೀರಿಗೆ ಬೆನ್ನು ಹಾಕಿ ಕೈ ಹಿಡಿಯುವ ಅಭ್ಯಾಸ ಮಾಡುತ್ತಿದ್ದದ್ದನ್ನು ಎವರ್ಟ್ ಬಂಡೆಗಳ ಆಚೆಯಿಂದ ಬರುತ್ತಲೇ ಕಂಡಿರಬೇಕು.

ಅಥವಾ ಇದ್ಯಾವುದೂ ಅಲ್ಲ, ಹೊಟ್ಟೆಯಲ್ಲಿ ಒಂಥರಾ ಆಗಿರಬಹುದು.

ಹನ್ನೆರಡೂವರೆಗೆ ಕಾಡು ಮುಗಿದು ಹುಲ್ಲಿನ ಬೋಳು ಬಂತು. ಡೆಸ್ ಚಹಾ ಕಾಯಿಸಿದ. ಕೆಳಗೆ ಹೊಳೆ ಪೂರ್ತಿ ಕಾಣುತ್ತಿತ್ತು. ದಾಟಬೇಕಿದ್ದ ಜಾಗ, ಆಚೆಗಿನ ದಾರಿ, ದೂರದಲ್ಲಿ ಹೆದ್ದಾರಿಯ ಮೇಲೆ ಹಾಲಿನ ಟ್ಯಾಂಕರೊಂದರ ಹೊಳಪು. ಇಷ್ಟು ಎತ್ತರದಿಂದ ನೀರು ನೀಲಿಯಾಗಿ, ಯಾರಾದರೂ ಹಾರಿ ದಾಟಬಹುದೆನ್ನುವಷ್ಟು ಸಣ್ಣದಾಗಿ ಕಂಡಿತು. ಐವರೂ ನೋಡಿದರು. ಸೆಮಿಸಿ ತನ್ನ ಪಾಲಿನ ಕೇಕನ್ನು ಮುರಿದು ಅರ್ಧವನ್ನು ಎವರ್ಟ್ ಅವರ ಮೊಣಕಾಲ ಮೇಲಿಟ್ಟ.

"ಚೆನ್ನಾಗಿದೆ ಅಲ್ವಾ ಕಣಿವೆ" ಎಂದರು ಎವರ್ಟ್. ಒಂದು ಗುಟುಕು ಚಹಾ ಕುಡಿದರು. "ಐವತ್ತೈದು ಕಿಲೋಮೀಟರು ನೋಡಿದೆ. ಮೂರು ಬಾಕಿ."

"ಆ ಮೂರರಲ್ಲಿ ಏನಿಲ್ಲ ಬಿಡಿ ಅಜ್ಜ, ಬರೀ ದನ" ಎಂದ ಸೆಮಿಸಿ.

"ದನ ಅಂದ್ರೆ ನಂಗಿಷ್ಟ ಕಣೋ."

ಎವರ್ಟ್ ಒಬ್ಬರೇ ನಕ್ಕರು. ಬಲಗೈಯನ್ನು ನೆಲಕ್ಕೂರಿ ಏಳಲು ನೋಡಿದರು, ಸೊಂಟ ಒಪ್ಪಲಿಲ್ಲ. ಊನಾ ಕೈ ಚಾಚಿದಳು. ಅವರು ಹಿಡಿದುಕೊಂಡು ಎದ್ದರು. ಕೇಳಬೇಕೆಂದಿದ್ದ ಪ್ರಶ್ನೆ ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವರೂ ಅದಕ್ಕಾಗಿ ಕಾದಂತೆ ಒಂದು ಕ್ಷಣ ಅವಳನ್ನೇ ನೋಡಿದರು. ಅವಳು ಅವರ ಕೋಲನ್ನು ನೆಲದಿಂದ ಎತ್ತಿ ಕೈಗೆ ಕೊಟ್ಟಳು. ಅವರು ತಲೆ ಆಡಿಸಿದರು.

ಇನ್ನು ನೂರೈವತ್ತು ಮೀಟರು ಏರು, ಆಮೇಲೆ ಇಳಿಜಾರು. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ಊನಾ ಮುಂದೆ ನಿಂತು ಹಿಂದಿನ ಕೋಲಿನ ಸದ್ದಿಗೆ ಕಾದಳು.

"ನಿಧಾನ ಮಾಡ್ಲಾ?" ಎಂದು ತಿರುಗದೆ ಕೇಳಿದಳು.

"ಬೇಡ" ಎಂದರು ಎವರ್ಟ್. "ಹೀಗೇ ಹೋಗು."

ಅವಳು ಯಾಕೆಂದು ಕೇಳದೆ ಹೆಜ್ಜೆ ಎತ್ತಿದಳು.